ಮಾಣಿಯ ನಾಲ್ಕು ಚುಕ್ಕೆ

ಶಿರಸಿ, ನವೆಂಬರ್ 22, 2025

ಸಂಜೆ ಪಕ್ಕದ ಮನೆ ಮಾಣಿ ಲ್ಯಾಪ್‌ಟಾಪ್ ಹಿಡಿದು ಓಡಿ ಬಂದ. "ಭಾವ, ಇದು ಹೊಸ ಕ್ಷುದ್ರಗ್ರಹವೇ ಅಲ್ದಾ? ಹೆಸರೆಂತ ಇಡ್ಲಕ್ಕು?"

"ತಡಿಯೋ, ಹೆಸರು ಕಡೆಗೆ."

ಹದಿನೆಂಟು ನಿಮಿಷಕ್ಕೊಂದರಂತೆ ತೆಗೆದ ಒಂದೇ ರಾತ್ರಿಯ ಆಕಾಶದ ನಾಲ್ಕು ಚಿತ್ರ. ಓಡಿಸಿ ನೋಡಿದರೆ ನಕ್ಷತ್ರಗಳೆಲ್ಲ ನಿಂತಲ್ಲೇ. ಒಂದು ಮಸುಕು ಚುಕ್ಕೆ ಮಾತ್ರ ಪಶ್ಚಿಮಕ್ಕೆ ಜರುಗುತ್ತದೆ. ದೊಡ್ಡದು ಮಾಡಿ ನೋಡಿದೆ. ಕೆಟ್ಟ ಪಿಕ್ಸೆಲ್ ಆಗಿದ್ದರೆ ಒಂದೇ ಚೌಕ ಚೂಪಾಗಿ ಹೊಳೆಯುತ್ತಿತ್ತು. ಇದು ಪಕ್ಕದ ನಕ್ಷತ್ರಗಳ ಹಾಗೇ ಅಂಚು ಕರಗಿ ಹರಡಿದೆ. ಪ್ರತಿ ಸಲ ಸುಮಾರು 10 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗವೇ ಒಂದು ಆರ್ಕ್‌ಸೆಕೆಂಡ್), ಅದೇ ದಿಕ್ಕು, ಅದೇ ಹೊಳಪು. ಗಂಟೆಗೆ 33. ಒಳದಾರಿಯ ಭೂಮಿ ಹಿಂದೆ ಹಾಕುವಾಗ ಮಂಗಳ-ಗುರುಗಳ ನಡುವಿನ ಮುಖ್ಯ ಪಟ್ಟಿಯ ಕ್ಷುದ್ರಗ್ರಹ ಹಿಂದಕ್ಕೆ ಸರಿದಂತೆ ಕಾಣುವುದು ಸರಿಸುಮಾರು ಇದೇ ವೇಗದಲ್ಲಿ.

"ಕಕ್ಷೆಗೆ ಆರು ಸಂಖ್ಯೆ ಸಾಕಲ್ದಾ? ಒಂದು ಚುಕ್ಕೆಗೆ ಎರಡು ಅಳತೆ, ನಾಲ್ಕಕ್ಕೆ ಎಂಟು ಆತು!"

ಎಷ್ಟು ಒಳ್ಳೆಯ ಪ್ರಶ್ನೆ! ಆದರೆ ಆ ಎಂಟರಲ್ಲಿ ದೂರ ಇಲ್ಲ. ದೂರ ಅಡಗಿರುವುದು ದಾರಿಯ ಬಾಗಿನಲ್ಲಿ. 54 ನಿಮಿಷದಲ್ಲಿ ಆ ಬಾಗು ನಮ್ಮ ಅಳತೆಯ ತಪ್ಪಿಗಿಂತಲೂ ಚಿಕ್ಕದು, ನಾಲ್ಕೂ ಚುಕ್ಕೆ ಗೆರೆ ಎಳೆದಂತೆ ಕೂರುತ್ತವೆ. ದೇವಿಮನೆ ಘಟ್ಟದಲ್ಲಿ ರಾತ್ರಿ ಎದುರುಗಾಡಿಯ ದೀಪ ಒಂದು ಕ್ಷಣ ಕಂಡರೆ ಮುಂದಿನ ತಿರುವು ಗೊತ್ತಾದೀತೇ? ಹತ್ತಾರು ಕಕ್ಷೆಗಳು ಆ ಒಂದೇ ಗೆರೆಗೆ ಹೊಂದುತ್ತವೆ.

1801ರ ಜನವರಿ 1ರಂದು ಇಟಲಿಯ ಪಲೆರ್ಮೋದಲ್ಲಿ ಮೊದಲ ಕ್ಷುದ್ರಗ್ರಹ ಸೆರೆಸ್ ಕಂಡ ಖಗೋಳಜ್ಞ ಪಿಯಾಜಿ, ಫೆಬ್ರವರಿ 11ರವರೆಗೆ ಅದರ ಬೆನ್ನು ಹತ್ತಿದ್ದ. ಆಮೇಲೆ ಅದು ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ಆ 41 ದಿನಗಳ ತುಣುಕಿನಿಂದ ಕಕ್ಷೆ ಹಿಡಿಯಲು 24ರ ಹರೆಯದ ಗಣಿತಜ್ಞ ಗೌಸ್ ಹೊಸ ಗಣಿತವನ್ನೇ ಕಟ್ಟಬೇಕಾಯಿತು. ಅವನ ಲೆಕ್ಕದ ಬಲದಿಂದ ಡಿಸೆಂಬರ್ 31ರಂದು ಖಗೋಳಜ್ಞ ಫಾನ್ ಜಾಕ್ ಅದನ್ನು ಮತ್ತೆ ಗುರುತಿಸಿದ. ಸೂರ್ಯನಿಂದ ನಮಗಿಂತ 2.77 ಪಟ್ಟು ದೂರ, ಒಂದು ಸುತ್ತಿಗೆ 4.6 ವರ್ಷ.

ಒಂದು ರಾತ್ರಿಯ ಚುಕ್ಕೆಗೇ 'ಕ್ಷುದ್ರಗ್ರಹ ಪತ್ತೆ' ಎಂದು ಹಾರ ಹಾಕುವುದು ಮಕ್ಕಳಿಗೇ ಅನ್ಯಾಯ. ಮೊದಲು ಗೊತ್ತಿರುವವುಗಳ ಪಟ್ಟಿಯೊಂದಿಗೆ ಹೋಲಿಸಬೇಕು. ಎರಡನೇ ರಾತ್ರಿಯೂ ಸಿಕ್ಕರೆ ತಾತ್ಕಾಲಿಕ ಗುರುತು. ಅದರಲ್ಲೊಂದು ಅಕ್ಷರ ಕಂಡ ಅರ್ಧ ತಿಂಗಳನ್ನು ಹೇಳುತ್ತದೆ: ನವೆಂಬರ್ ಮೊದಲ ಹದಿನೈದು ದಿನಕ್ಕೆ 'ವಿ', ಉಳಿದದ್ದಕ್ಕೆ 'ಡಬ್ಲ್ಯು'. ಕೆಲವು ವರ್ಷ ಮತ್ತೆ ಮತ್ತೆ ಕಂಡು ಕಕ್ಷೆ ಗಟ್ಟಿಯಾದ ಮೇಲೆ ಕ್ರಮಸಂಖ್ಯೆ. ಹೆಸರು ಅದರ ನಂತರ.

ಮಾಣಿಯ ಮುಖ ಸಣ್ಣದಾಯಿತು. ನಾಳೆಯ ಚಿತ್ರದಲ್ಲಿ ಎಲ್ಲಿ ಹುಡುಕಬೇಕೆಂದು ಅವನಿಂದಲೇ ಲೆಕ್ಕ ಮಾಡಿಸಿದೆ. 33ನ್ನು 24ರಿಂದ ಗುಣಿಸಿದರೆ 792 ಆರ್ಕ್‌ಸೆಕೆಂಡ್, ಚಂದ್ರನ ಅಗಲದ ಅರ್ಧಕ್ಕಿಂತ ತುಸು ಕಡಿಮೆ, ಪಶ್ಚಿಮಕ್ಕೆ. ಅಲ್ಲಿ ಮಸುಕು ಚುಕ್ಕೆ ಇದ್ದು, ಹೊಳಪೂ ಇಷ್ಟೇ ಇದ್ದರೆ…