ಮೂಳೆ ಕೂಡಲು ಎಂಟು ತಿಂಗಳು, ದುಡ್ಡು ಬರಲು ಎರಡೂಕಾಲು ವರ್ಷ

ನನ್ನ ತಮ್ಮ ಟೈಲರ್. ತಿಪಟೂರಿನಲ್ಲಿ ಅವನದೊಂದು ಪುಟ್ಟ ಅಂಗಡಿ. ಎರಡು ಮೆಷಿನ್, ಒಂದು ಕಟಿಂಗ್ ಟೇಬಲ್. 2022ರ ನವೆಂಬರ್‌ನಲ್ಲಿ ಒಂದು ಸಂಜೆ ಅಂಗಡಿ ಬಾಗಿಲು ಹಾಕಿ ಸ್ಕೂಟರ್‌ನಲ್ಲಿ ಮನೆಗೆ ಬರುತ್ತಿದ್ದ. ಹಿಂದಿನಿಂದ ಬಂದ ಕಾರು ಗುದ್ದಿತು. ಬಲಗಾಲಿನ ಮೊಣಕಾಲಿಂದ ಕೆಳಗಿನ ಎರಡೂ ಮೂಳೆ ಮುರಿದವು. ಆಗ ಅವನಿಗೆ 38 ವರ್ಷ. ಪರಿಹಾರದ ದುಡ್ಡು ಅವನ ಖಾತೆಗೆ ಬಿದ್ದದ್ದು 2025ರ ಫೆಬ್ರವರಿಯಲ್ಲಿ.

ಆ ಕೇಸಿನ ಓಡಾಟವೆಲ್ಲ ನನ್ನದೇ. ಈಗ ಪರಿಚಯ ಇದ್ದವರು, ಇಲ್ಲದವರು ಎಲ್ಲರೂ ಫೋನ್ ಮಾಡುತ್ತಾರೆ. ಎಷ್ಟು ಸಿಗುತ್ತೆ, ಎಷ್ಟು ದಿನ ಆಗುತ್ತೆ ಅಂತ ಕೇಳುತ್ತಾರೆ. ನಾನು ವಕೀಲಳಲ್ಲ, ಹೈಸ್ಕೂಲ್ ಟೀಚರ್. ಆದರೂ ನಮಗೆ ಆಗಿದ್ದನ್ನು ಬರೆದಿಟ್ಟರೆ ಯಾರಿಗಾದರೂ ಉಪಯೋಗವಾಗಬಹುದು ಅನ್ನಿಸಿತು.

ಮೊದಲನೇ ರಾತ್ರಿಯಿಂದಲೇ ಶುರು ಮಾಡುತ್ತೇನೆ. ನಾವು ಮಾಡಿದ ಎರಡು ತಪ್ಪೂ ಆ ರಾತ್ರಿಯವೇ.

ಕಾರಿನವರು ಒಳ್ಳೆಯ ಮಾತಾಡಿದರು. "ಅಕ್ಕಾ, ಆಸ್ಪತ್ರೆ ಖರ್ಚು ಪೂರ್ತಿ ನಾವೇ ನೋಡ್ಕೋತೀವಿ, ಕಂಪ್ಲೇಂಟ್ ಮಾತ್ರ ಬೇಡ" ಅಂದರು. ಹತ್ತು ಸಾವಿರ ಕೈಗೆ ಕೊಟ್ಟರು. ಮೂರನೇ ದಿನಕ್ಕೆ ಆಪರೇಷನ್ ಎಸ್ಟಿಮೇಟ್ ನೋಡಿದ ಮೇಲೆ ಅವರ ಫೋನ್ ಸ್ವಿಚ್ ಆಫ್. ಆಮೇಲೆ ನಾವು ಸ್ಟೇಷನ್ನಿಗೆ ಹೋದೆವು. ಆ ಮೂರು ದಿನದ ತಡವನ್ನೇ ಹಿಡಿದು ಮುಂದೆ ಕೋರ್ಟಿನಲ್ಲಿ ಇನ್ಶೂರೆನ್ಸ್ ವಕೀಲರು "ಕಾರನ್ನು ಆಮೇಲೆ ಸೇರಿಸಿದ್ದಾರೆ" ಅಂತ ವಾದ ಮಾಡಿದರು. ದಯವಿಟ್ಟು ಅದೇ ದಿನ ಕಂಪ್ಲೇಂಟ್ ಕೊಡಿ. ದುಡ್ಡು ಕೊಡುವುದು ಕಾರಿನವರಲ್ಲ, ಅವರ ಇನ್ಶೂರೆನ್ಸ್ ಕಂಪನಿ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ ಮಾಡಿರುವುದೇ ಅದಕ್ಕೆ. ಎಫ್‌ಐಆರ್ ಆಯಿತು ಅಂತ ನೀವು ಯಾರ ಮನೆಯನ್ನೂ ಹಾಳು ಮಾಡಿದ ಹಾಗಾಗುವುದಿಲ್ಲ.

ಎರಡನೇ ತಪ್ಪು ಇನ್ನೂ ಚಿಕ್ಕದು, ಆದರೆ ಜಾಸ್ತಿ ನೋವು ಕೊಟ್ಟಿದ್ದು ಅದೇ. ತಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದು ದಾರಿಯಲ್ಲಿ ನಿಂತು ಸಹಾಯ ಮಾಡಿದ ಒಬ್ಬ ಪುಣ್ಯಾತ್ಮ. ಏನಾಯ್ತು ಅಂತ ಸಿಸ್ಟರ್ ಕೇಳಿದಾಗ ಅವರು "ಸ್ಕೂಟರ್‌ನಿಂದ ಬಿದ್ದಿದ್ದಾರೆ" ಅಂದರು. ಅವರು ಕಂಡಿದ್ದು ಬಿದ್ದಿದ್ದನ್ನೇ ಅಲ್ವಾ? ಕೇಸ್ ಶೀಟ್‌ನ ಹಿಸ್ಟರಿ ಕಾಲಮ್ಮಿನಲ್ಲಿ ಹಾಗೇ ಬರೆದುಕೊಂಡರು, ಸ್ಕೂಟರ್‌ನಿಂದ ತಾನೇ ಬಿದ್ದದ್ದು ಅಂತ. ಒಂದೇ ಸಾಲು. ಒಂದು ವರ್ಷದ ಮೇಲೆ ಅದು ಎದ್ದು ಬಂತು. ತಾನಾಗಿ ಬಿದ್ದರೆ ಕಾರಿನ ಇನ್ಶೂರೆನ್ಸ್ ಯಾಕೆ ದುಡ್ಡು ಕೊಡಬೇಕು? ಆ ಸಾಲು ತಪ್ಪು ಅಂತ ತೋರಿಸಲು ಆಸ್ಪತ್ರೆಯ ರೆಕಾರ್ಡ್ ಗುಮಾಸ್ತರಿಗೆ ಸಮನ್ಸ್ ಕಳಿಸಬೇಕಾಯಿತು. ಅವರು ಬರಲು, ಫೈಲು ತರಲು ಐದು ತಿಂಗಳು ಹೋಯಿತು. ಕೊನೆಗೆ ನಮ್ಮನ್ನು ಉಳಿಸಿದ್ದು ಅದೇ ರಾತ್ರಿ ಆಸ್ಪತ್ರೆಯಿಂದ ಸ್ಟೇಷನ್ನಿಗೆ ಹೋಗಿದ್ದ ಎಂಎಲ್‌ಸಿ ಮಾಹಿತಿ (ಅಪಘಾತದಂಥ ಕೇಸು ಬಂದಾಗ ಆಸ್ಪತ್ರೆಯವರು ಪೊಲೀಸರಿಗೆ ಕಳಿಸುವ ಸೂಚನೆ), ಮತ್ತು ಕಾರಿನ ಮುಂದಿನ ಬಂಪರ್ ಬಲಭಾಗ ಜಖಂ ಆಗಿದೆ ಅಂತ ಬರೆದಿದ್ದ ಮೋಟಾರು ವಾಹನ ಇನ್ಸ್‌ಪೆಕ್ಟರ್ ವರದಿ.

ಈಗ ಕಾನೂನಿನ ಮಾತು. ಪರಿಹಾರ ಕೊಡುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ನಮ್ಮಂಥ ತಾಲ್ಲೂಕುಗಳಲ್ಲಿ ಸೀನಿಯರ್ ಸಿವಿಲ್ ಜಡ್ಜ್ ಕೋರ್ಟೇ ಆ ಕೆಲಸವನ್ನೂ ನೋಡುತ್ತದೆ. ಬೆಂಗಳೂರಿನಲ್ಲಿ ಸ್ಮಾಲ್ ಕಾಸಸ್ ಕೋರ್ಟ್. ಅರ್ಜಿಗೆ ಎಂವಿಸಿ ಅಂತ ನಂಬರ್ ಬೀಳುತ್ತದೆ. ಅಪಘಾತ ಆದ ಜಾಗದಲ್ಲೇ ಹಾಕಬೇಕು ಅಂತೇನಿಲ್ಲ, ನೀವು ವಾಸ ಇರುವ ಊರಲ್ಲೂ ಹಾಕಬಹುದು. ಆದರೆ 2022ರ ಏಪ್ರಿಲ್ 1ರಿಂದ ಒಂದು ಬದಲಾವಣೆ ಬಂದಿದೆ. ಅಪಘಾತ ಆದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಅದಕ್ಕಿಂತ ಮುಂಚೆ ಎಷ್ಟೋ ವರ್ಷ ಇಂಥ ಗಡುವೇ ಇರಲಿಲ್ಲ. ಹಳಬರನ್ನು ಕೇಳಿದರೆ "ನಿಧಾನಕ್ಕೆ ಹಾಕಿದ್ರಾಯ್ತು" ಅನ್ನುತ್ತಾರೆ. ಕೇಳಬೇಡಿ. ಈ ಗಡುವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರೂ ಇದ್ದಾರೆ. ಆದರೂ ನೀವು ಆರು ತಿಂಗಳು ಅಂತಲೇ ಲೆಕ್ಕ ಇಟ್ಟುಕೊಳ್ಳಿ. ನಾವು 2023ರ ಮಾರ್ಚ್‌ನಲ್ಲಿ ಹಾಕಿದೆವು.

ಹೊಸ ನಿಯಮದ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೊದಲ ವರದಿ, 90 ದಿನದೊಳಗೆ ವಿವರವಾದ ವರದಿಯನ್ನು ನ್ಯಾಯಮಂಡಳಿಗೂ ಇನ್ಶೂರೆನ್ಸ್ ಕಂಪನಿಗೂ ಕಳಿಸಬೇಕು. ಕಂಪನಿ ಒಬ್ಬ ಅಧಿಕಾರಿಯನ್ನು ನೇಮಿಸಿ, 30 ದಿನದೊಳಗೆ ಇಷ್ಟು ಕೊಡುತ್ತೇವೆ ಅಂತ ಹೇಳಬೇಕು. ಒಪ್ಪಿದರೆ ನ್ಯಾಯಮಂಡಳಿ ಅದನ್ನೇ ದಾಖಲು ಮಾಡಿ ಕೇಸು ಮುಗಿಸುತ್ತದೆ. ಒಳ್ಳೆಯ ವ್ಯವಸ್ಥೆ ಅದು. ಸಾವಿನ ಪ್ರಕರಣಗಳಲ್ಲಿ ವಯಸ್ಸು, ಸಂಬಳ ಎರಡೂ ಸ್ಪಷ್ಟ ಇದ್ದರೆ ಹೀಗೆ ಬೇಗ ಮುಗಿಸಿಕೊಳ್ಳುವುದು ನನಗೆ ಸರಿ ಅನ್ನಿಸುತ್ತದೆ. ಗಾಯದ ವಿಷಯ ಮಾತ್ರ ಬೇರೆ.

ಏಪ್ರಿಲ್‌ನಲ್ಲಿ ಕಂಪನಿಯವರು ಎರಡು ಲಕ್ಷ ಅಂದರು. ಅಷ್ಟೊತ್ತಿಗೆ ಆಸ್ಪತ್ರೆಗೇ 1,86,000 ಖರ್ಚಾಗಿತ್ತು. ಮನೆಯಲ್ಲಿ ಸಾಲ, ಅಂಗಡಿ ಬಾಡಿಗೆ ಬಾಕಿ. ತಮ್ಮನಿಗೆ ಆಸೆ ಆಯಿತು. "ತಗೊಂಡ್ಬಿಡೋಣ ಅಕ್ಕ" ಅಂದ. ಆದರೆ ಅವನ ಮೂಳೆ ಇನ್ನೂ ಕೂಡಿರಲಿಲ್ಲ. ಎಕ್ಸ್‌ರೇಯಲ್ಲಿ ಮುರಿದ ಜಾಗದಲ್ಲಿ ಕಪ್ಪು ಗೆರೆ ಹಾಗೇ ಕಾಣುತ್ತಿತ್ತು. ಕಾಲು ಎಷ್ಟು ಸರಿಹೋಗುತ್ತೆ ಅಂತ ಡಾಕ್ಟರಿಗೇ ಗೊತ್ತಿಲ್ಲದಿರುವಾಗ ಅದಕ್ಕೆ ಬೆಲೆ ಕಟ್ಟುವುದು ಹೇಗೆ? ನಾನು ಫೋನ್ ಮಾಡಿದವರಿಗೆಲ್ಲ ಗಟ್ಟಿಯಾಗಿ ಹೇಳುವ ಮಾತು ಇದೊಂದೇ. ಕೋರ್ಟು ತೆಗೆದುಕೊಳ್ಳುವ ಸಮಯ ಬೇರೆ, ಮೈ ತೆಗೆದುಕೊಳ್ಳುವ ಸಮಯ ಬೇರೆ. ಮೈಗೆ ಬೇಕಾದ ಸಮಯ ಕೊಡಿ. ಅದಕ್ಕೆ ಮುಂಚೆ ರಾಜಿಗೆ ಸಹಿ ಹಾಕಿದರೆ, ನಾಳೆ ಕಾಲು ಸೊಟ್ಟ ಕೂಡಿದರೂ ಮತ್ತೆ ಕೇಳುವ ಹಾಗಿಲ್ಲ.

ಮೂಳೆ ಕೂಡಿದ್ದು ಜುಲೈನಲ್ಲಿ. ಕೂಡಿತು, ಆದರೆ ಪಾದ ಮೇಲೆ ಕೆಳಗೆ ಮೊದಲಿನ ಹಾಗೆ ಆಡಲಿಲ್ಲ.

ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಲೋಕ ಅದಾಲತ್ ಇತ್ತು. ವರ್ಷಕ್ಕೆ ಕೆಲವು ಸಲ ಇಂಥ ಅದಾಲತ್ ನಡೆಯುತ್ತದೆ. ಅಲ್ಲಿ ಒಪ್ಪಂದ ಆದರೆ ಮುಗಿಯಿತು, ಎರಡೂ ಕಡೆಯವರಿಗೆ ಮೇಲ್ಮನವಿ ಇಲ್ಲ, ದುಡ್ಡು ಬೇಗ ಬರುತ್ತದೆ. ಕಂಪನಿ ಮೂರೂವರೆಯಿಂದ ನಾಲ್ಕು ಲಕ್ಷಕ್ಕೆ ಬಂದು ನಿಂತಿತು. ನಮ್ಮ ವಕೀಲರು ಒಂದು ಚೀಟಿಯ ಮೇಲೆ ಲೆಕ್ಕ ಹಾಕಿ, "ಆರು ಕೊಟ್ಟರೆ ಇವತ್ತೇ ಮುಗಿಸೋಣ, ಅದಕ್ಕಿಂತ ಕಮ್ಮಿ ಬೇಡ" ಅಂದರು. ಆರಕ್ಕೆ ಬರಲಿಲ್ಲ. ವಾಪಸ್ ಬಂದೆವು. ಬಸ್ಸಿನಲ್ಲಿ ತಮ್ಮ ಒಂದು ಮಾತೂ ಆಡಲಿಲ್ಲ. ಬೇಡ ಅಂದದ್ದು ತಪ್ಪಾಯಿತೇನೋ ಅಂತ ನನಗೂ ಹೊಟ್ಟೆಯಲ್ಲಿ ಸಂಕಟ.

ಆ ಚೀಟಿಯ ಲೆಕ್ಕ ಏನು ಅಂತ ಹೇಳುತ್ತೇನೆ. ಇದು ಗೊತ್ತಿದ್ದರೆ ಯಾವ ಆಫರ್ ಸರಿ, ಯಾವುದು ಕಮ್ಮಿ ಅಂತ ನೀವೇ ನೋಡಿಕೊಳ್ಳಬಹುದು. ತಿಂಗಳ ಆದಾಯವನ್ನು 12ರಿಂದ ಗುಣಿಸಿ, ಅದನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. ಅದಕ್ಕೆ ಮಲ್ಟಿಪ್ಲೈಯರ್ ಅನ್ನುತ್ತಾರೆ. ಸುಪ್ರೀಂ ಕೋರ್ಟ್ 2009ರಲ್ಲಿ ಸರಳಾ ವರ್ಮಾ ಪ್ರಕರಣದಲ್ಲಿ ಇದನ್ನು ಗಟ್ಟಿ ಮಾಡಿತು. 26ರಿಂದ 30 ವಯಸ್ಸಿಗೆ 17, 36ರಿಂದ 40ಕ್ಕೆ 15, 46ರಿಂದ 50ಕ್ಕೆ 13, ಹೀಗೆ ಇಳಿಯುತ್ತಾ ಹೋಗುತ್ತದೆ. ಬಂದ ಮೊತ್ತದಲ್ಲಿ ಅಂಗವೈಕಲ್ಯದ ಶೇಕಡಾವಾರು ಎಷ್ಟೋ ಅಷ್ಟು, ಮುಂದಿನ ದುಡಿಮೆಯ ನಷ್ಟ.

ಎಳೆದಾಟ ಎಲ್ಲ ಇರುವುದು ಆದಾಯ, ಶೇಕಡಾವಾರು ಈ ಎರಡರಲ್ಲೇ. ತಮ್ಮ ತಿಂಗಳಿಗೆ 25,000 ದುಡಿಯುತ್ತಿದ್ದ. ತೋರಿಸಲು ಇದ್ದದ್ದು ಅಳತೆ ಬರೆಯುವ ನೋಟ್‌ಬುಕ್ ಮಾತ್ರ. ಆದಾಯಕ್ಕೆ ದಾಖಲೆ ಇಲ್ಲದಿದ್ದಾಗ ನಮ್ಮ ರಾಜ್ಯದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಒಂದು ಪಟ್ಟಿ ನೋಡುತ್ತಾರೆ. ಅಪಘಾತ ಆದ ವರ್ಷಕ್ಕೆ ಇಷ್ಟು ಅಂತ ಅದರಲ್ಲಿರುತ್ತದೆ. ನಮಗೆ ಹಿಡಿದದ್ದು 15,500. ಬ್ಯಾಂಕಿಗೆ ದಿನದ ದುಡ್ಡು ಕಟ್ಟುವ ಅಭ್ಯಾಸ ಇದ್ದಿದ್ದರೆ ಕಥೆ ಬೇರೆ ಇರುತ್ತಿತ್ತು.

ಇನ್ನು ಶೇಕಡಾವಾರು. ಡಾಕ್ಟರ್ ಬಂದು ಕಾಲಿಗೆ 36 ಪರ್ಸೆಂಟ್ ಅಂದರು. ಅದರಲ್ಲಿ ಮೂರನೇ ಒಂದು ಭಾಗವನ್ನು ಇಡೀ ದೇಹಕ್ಕೆ ಅಂತ ತೆಗೆದುಕೊಳ್ಳುವುದು ಇಲ್ಲಿಯ ರೂಢಿ. ಅಂದರೆ 12. ಆದರೆ 2010ರಲ್ಲಿ ರಾಜ್‌ಕುಮಾರ್ ಮತ್ತು ಅಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ಮಾತು ಹೇಳಿದೆ. ನೋಡಬೇಕಾದ್ದು ಮೈಗೆ ಎಷ್ಟು ಊನ ಆಯಿತು ಅಂತಲ್ಲ, ಅವನ ಕಸುಬಿನಲ್ಲಿ ದುಡಿಯುವ ಶಕ್ತಿ ಎಷ್ಟು ಕಮ್ಮಿಯಾಯಿತು ಅಂತ. ಕುಳಿತು ಲೆಕ್ಕ ಬರೆಯುವವನ ಕಾಲಿಗೂ ಟೈಲರ್ ಕಾಲಿಗೂ ವ್ಯತ್ಯಾಸ ಇದೆ.

ತಮ್ಮನ ಪಾಟೀ ಸವಾಲಿನ ದಿನ ನಾನು ಹಿಂದಿನ ಬೆಂಚಿನಲ್ಲಿದ್ದೆ. ಇನ್ಶೂರೆನ್ಸ್ ವಕೀಲರು, "ಈಗ ಎಲ್ಲ ಮೆಷಿನ್ನಿಗೂ ಮೋಟಾರ್ ಬಂದಿದೆ, ಕಾಲಲ್ಲಿ ತುಳಿಯುವ ಕೆಲಸವೇ ಇಲ್ಲ ಅಂದರೆ ಸರಿಯೇ?" ಅಂತ ಕೇಳಿದರು. ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ. "ಮೋಟಾರಿಗೂ ಪೆಡಲ್ ಇರುತ್ತೆ ಸಾರ್. ಕಾಲರ್ ಮೂಲೆ ತಿರುಗಿಸುವಾಗ ಎಷ್ಟು ಒತ್ತಬೇಕು ಅಂತ ಪಾದಕ್ಕೇ ಗೊತ್ತಿರುತ್ತೆ. ನನ್ನ ಪಾದಕ್ಕೆ ಈಗ ಅದು ತಿಳಿಯಲ್ಲ. ಹೊಲಿಗೆ ದಾಟಿ ಹೋಗುತ್ತೆ. ಕಟಿಂಗ್ ನಿಂತೇ ಮಾಡಬೇಕು. ಅರ್ಧ ಗಂಟೆ ನಿಂತರೆ ಊತ ಬರುತ್ತೆ." ಜಡ್ಜ್ ತಲೆ ಎತ್ತಿ ಅವನ ಕಾಲು ನೋಡಿದರು. ಅವನು ಹೇಳಿದ್ದನ್ನು ಒಂದೂ ಬಿಡದೆ ಟೈಪ್ ಮಾಡಿಸಿದರು. ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟು ಚೆನ್ನಾಗಿ ಅವನು ತನ್ನ ಕಸುಬಿನ ಬಗ್ಗೆ ಮಾತಾಡಿದ್ದನ್ನು ನಾನು ಮನೆಯಲ್ಲೂ ಕೇಳಿರಲಿಲ್ಲ.

2024ರ ಆಗಸ್ಟ್‌ನಲ್ಲಿ ತೀರ್ಪು ಬಂತು. 12ರ ಬದಲು 20 ಪರ್ಸೆಂಟ್ ಹಿಡಿದಿದ್ದರು. 15,500ಕ್ಕೆ ಲೆಕ್ಕ ಹಾಕಿದರೆ 5,58,000. ಹನ್ನೆರಡೇ ಹಿಡಿದಿದ್ದರೆ 3,34,800 ಆಗುತ್ತಿತ್ತು. ನೋವಿಗೆ 50,000, ಕೆಲಸಕ್ಕೆ ಹೋಗಲಾಗದ ನಾಲ್ಕು ತಿಂಗಳಿಗೆ 62,000, ನೋಡಿಕೊಂಡವರು, ಊಟ, ಓಡಾಟಕ್ಕೆ 25,000, ಬದುಕಿನ ಸುಖ ಕಮ್ಮಿಯಾಗಿದ್ದಕ್ಕೆ 40,000, ಆಪರೇಷನ್‌ನಲ್ಲಿ ಕಾಲಿಗೆ ಹಾಕಿದ್ದ ರಾಡ್ ಮುಂದೆ ತೆಗೆಸಲು 30,000. ಆಸ್ಪತ್ರೆ ಖರ್ಚಿನಲ್ಲಿ ಬಿಲ್ ಇದ್ದ 1,42,000 ಮಾತ್ರ ಸಿಕ್ಕಿತು. ಉಳಿದ 44,000ಕ್ಕೆ ನಮ್ಮ ಹತ್ತಿರ ಚೀಟಿ ಇರಲಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ರಾತ್ರಿ ಹೊತ್ತು ಓಡಿ ತಂದ ಔಷಧಿಗಳವು. ಒಟ್ಟು 9,07,000. ಅರ್ಜಿ ಹಾಕಿದ ದಿನದಿಂದ 6 ಪರ್ಸೆಂಟ್ ಬಡ್ಡಿ, ರಾಡ್ ತೆಗೆಸುವ 30,000 ಬಿಟ್ಟು.

ತೀರ್ಪು ಬಂದ ಕೂಡಲೇ ದುಡ್ಡು ಬರಲ್ಲ. 30 ದಿನದೊಳಗೆ ಕಟ್ಟಬೇಕು ಅಂತ ಕಾನೂನು ಹೇಳುತ್ತದೆ. ಹೈಕೋರ್ಟಿಗೆ ಹೋಗಲು 90 ದಿನ ಅವಕಾಶವೂ ಇದೆ. ಕಂಪನಿಗಳು ಸಾಮಾನ್ಯವಾಗಿ ಆ ಯೋಚನೆ ಮುಗಿಯುವ ತನಕ ಕಾಯುತ್ತವೆ. ಮೇಲ್ಮನವಿ ಹಾಕಿದ್ದರೆ ಇನ್ನೂ ವರ್ಷಗಟ್ಟಲೆ ಆಗುತ್ತಿತ್ತು. ನಮ್ಮ ಪುಣ್ಯ, ಹಾಕಲಿಲ್ಲ. ಡಿಸೆಂಬರ್‌ನಲ್ಲಿ ಕೋರ್ಟಿಗೆ ದುಡ್ಡು ಕಟ್ಟಿದರು, ಬಡ್ಡಿಯೇ ಸುಮಾರು 92 ಸಾವಿರ. ಚೆಕ್ ಅರ್ಜಿ, ಆಧಾರ್, ಪಾಸ್‌ಬುಕ್ ಅಂತ ಮತ್ತೆ ಎರಡು ತಿಂಗಳು. ಸ್ವಲ್ಪ ಭಾಗವನ್ನು ಮೂರು ವರ್ಷಕ್ಕೆ ಎಫ್‌ಡಿ ಇಡಿಸಿದರು. ತಮ್ಮನಿಗೆ ಬೇಜಾರಾಯಿತು. ನನಗೆ ಅದು ಒಳ್ಳೆಯದೇ ಅನ್ನಿಸಿತು, ಇಲ್ಲದಿದ್ದರೆ ಸಾಲ ಕೇಳುವ ನೆಂಟರು ಸಾಲುಗಟ್ಟಿ ನಿಲ್ಲುತ್ತಿದ್ದರು.

ವಕೀಲರ ಫೀಸಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಬಂದ ದುಡ್ಡಿನಲ್ಲಿ ಇಷ್ಟು ಪರ್ಸೆಂಟ್ ಅಂತ ಮಾತಾಡಿಕೊಳ್ಳುವುದು ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. ಫೀಸು ಇಷ್ಟು ಅಂತ ಮೊದಲೇ ಬರೆಸಿಕೊಳ್ಳಿ. ಕೈಯಲ್ಲಿ ಏನೂ ಇಲ್ಲದಿದ್ದರೆ ಕೋರ್ಟಿನಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಆದಾಯ ಕಮ್ಮಿ ಇರುವವರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಆಸ್ಪತ್ರೆ ಬೆಡ್ಡಿನ ಪಕ್ಕಕ್ಕೇ ಬಂದು ಖಾಲಿ ಹಾಳೆಗೆ ಸಹಿ ಕೇಳುವವರಿಗೆ ಮಾತ್ರ ಕೊಡಬೇಡಿ. ನಮ್ಮ ಹತ್ತಿರ ಇಬ್ಬರು ಬಂದಿದ್ದರು.

ಇನ್ನೊಂದು ವಿಷಯ ಬಿಟ್ಟಿದ್ದೆ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದಲ್ಲಿ ಗಾಯ ಆದವರಿಗೆ ಮೊದಲ ಏಳು ದಿನ ಒಂದೂವರೆ ಲಕ್ಷದ ತನಕ ನಗದುರಹಿತ ಚಿಕಿತ್ಸೆಯ ಯೋಜನೆ ಬಂದಿದೆ. ನಮಗೆ ಆಗ ಅದು ಇರಲಿಲ್ಲ. ಆಸ್ಪತ್ರೆಯಲ್ಲಿ ಕೇಳಿ. ಗುದ್ದಿ ಓಡಿಹೋದ ಗಾಡಿ ಪತ್ತೆಯೇ ಆಗದಿದ್ದರೂ ಸರ್ಕಾರದಿಂದ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50,000 ಇದೆ.

ಹೋದ ತಿಂಗಳು ತಮ್ಮನ ಕಾಲಿನ ರಾಡ್ ತೆಗೆಸಿದೆವು. ಅಡ್ಮಿಷನ್‌ನಲ್ಲಿ ಸಿಸ್ಟರ್ ಪೆನ್ನು ಹಿಡಿದು "ಏನಾಗಿತ್ತು?" ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿದ. "ಕಾರು ಹಿಂದಿನಿಂದ ಗುದ್ದಿದ್ದು ಸಿಸ್ಟರ್. ಹಂಗೇ ಬರ್ಕೊಳ್ಳಿ."