ಕಾಕಾ ಒತ್ತಿದ ಡೌನ್ ಆ್ಯರೋ

ಭೋಗಿಯ ದಿನ. ಅಡುಗೆಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುವ ಸದ್ದು. ಕಾಕಾ ಟ್ಯಾಬ್ ಹಿಡಿದು ನನ್ನ ಹತ್ತಿರ ಬಂದರು.

"ಇಲ್ಲಿತನಕ ಬರ್ತದ ನೋಡವ್ವ, ಮುಂದ ಎಲ್ಲಿ ಹೋಗ್ತದ ಗೊತ್ತಾಗವಲ್ದು."

ಕಲಬುರಗಿಯ ಗಂಜ್‌ನಲ್ಲಿ ಅಡತಿ ಅಂಗಡಿಯೊಂದರ ಲೆಕ್ಕ ಬರೆಯುವವರು ಕಾಕಾ. ಲಕ್ವಾ ಹೊಡೆದ ಮೇಲೆ ಬಲಗೈ ಆಡುವುದಿಲ್ಲ. ಎಡಗೈ ಬೆರಳಿನಿಂದ ಸ್ಕ್ರೀನ್ ಮುಟ್ಟಿದರೆ ಒಂದು ಸಾಲಿನ ಬದಲು ಇನ್ನೊಂದು ತೆರೆಯುತ್ತದೆ. ಅದಕ್ಕೇ ಬ್ಲೂಟೂತ್ ಕೀಬೋರ್ಡ್ ಜೋಡಿಸಿಕೊಟ್ಟಿದ್ದೆ. ಡೌನ್ ಆ್ಯರೋ ಒತ್ತುತ್ತಾ ಹೋಗುವುದು, ಬೇಕಾದ ರೈತನ ಹೆಸರು ಬಂದಾಗ ಎಂಟರ್. ಲೆಕ್ಕದ ಆ್ಯಪ್ ಕೂಡ ನಾನೇ ಬರೆದದ್ದು.

ತೊಗರಿ ಆವಕ ಜೋರಾಗಿದ್ದ ಕಾಲ. ಪಟ್ಟಿಯಲ್ಲಿ 186 ಸಾಲುಗಳಿದ್ದವು. ಕಾಕಾ ಒತ್ತಿದರು. ಹಳದಿ ಗೆರೆ ಒಂದೊಂದೇ ಸಾಲು ಇಳಿಯಿತು. ಎಂಟನೆಯದು ದಾಟಿದ್ದೇ ತಡ, ಕಣ್ಮರೆ. ಕೆಳಗೆ ಒಟ್ಟು ಚೀಲ ತೋರಿಸುವ ಬಾರ್ ಇತ್ತಲ್ಲ, ಗೆರೆ ಅದರ ಹಿಂದೆ ಹೋಗಿತ್ತು.

ನನಗೆ ನಿಜಕ್ಕೂ ಸಂಕಟವಾಯಿತು. ಈ ಪಟ್ಟಿಗೆಂದೇ ಟೆಸ್ಟ್, ಅಂದರೆ ಆ್ಯಪ್ ಸರಿಯಾಗಿ ನಡೆಯುತ್ತದೆಯಾ ಎಂದು ತಾನೇ ಪರೀಕ್ಷಿಸುವ ಕೋಡ್, ಬರೆದಿದ್ದೆ, ಎಲ್ಲವೂ ಪಾಸಾಗಿದ್ದವು.

ಊಟ ಮುಗಿಸಿ ಆ ಟೆಸ್ಟ್ ತೆರೆದೆ. ಆ್ಯಪ್ ಇರುವುದು ಜೆಟ್‌ಪ್ಯಾಕ್ ಕಂಪೋಸ್‌ನಲ್ಲಿ, ಆಂಡ್ರಾಯ್ಡ್ ಆ್ಯಪ್‌ಗಳ ಪರದೆ ಕಟ್ಟುವ ಸಲಕರಣೆ ಅದು. ಅದರಲ್ಲಿ ಪಟ್ಟಿ ತೋರಿಸುವ ಲೇಜಿ ಕಾಲಮ್ ಎಲ್ಲ ಸಾಲುಗಳನ್ನೂ ಒಟ್ಟಿಗೆ ಕಟ್ಟುವುದಿಲ್ಲ. ಕಣ್ಣಿಗೆ ಕಾಣುವಷ್ಟು, ಜಾಸ್ತಿ ಅಂದರೆ ಅದರ ಆಚೆಈಚೆ ಒಂದಿಷ್ಟು. 150ನೇ ಸಾಲನ್ನು ಸುಮ್ನೆ ಹುಡುಕಿದರೆ ಸಿಗುವುದೇ ಇಲ್ಲ. ಹಾಗಾಗಿ ನಾನು ಮೊದಲು ಆ ಸಾಲಿಗೆ ಸ್ಕ್ರೋಲ್ ಮಾಡಿಸಿ, ಆಮೇಲೆ ಕ್ಲಿಕ್ ಮಾಡಿಸಿದ್ದೆ. ಅಂದರೆ ಟೆಸ್ಟೇ ಸಾಲನ್ನು ಎತ್ತಿ ತಂದು ಮುಂದಿಡುತ್ತಿತ್ತು. ಕಾಕಾಗೆ ಹಾಗೆ ಎತ್ತಿಕೊಡುವವರು ಯಾರು?

ಟೆಸ್ಟ್‌ನಿಂದ ಸ್ಕ್ರೋಲ್ ಮಾಡಿಸುವ ಕೋಡ್ ತೆಗೆದುಹಾಕಿದೆ. ಕೀಬೋರ್ಡ್ ಈಗ ಯಾವ ಸಾಲಿನ ಮೇಲಿದೆ ಎಂಬುದೇ ಫೋಕಸ್, ಆ ಹಳದಿ ಗೆರೆ ಅದರ ಗುರುತು. ಮೊದಲ ಸಾಲಿಗೆ ಫೋಕಸ್ ಕೊಡು, ಡೌನ್ ಆ್ಯರೋ ಒತ್ತು, ಮುಂದಿನ ಸಾಲಿಗೆ ಫೋಕಸ್ ಬಂತಾ ನೋಡು, ಹೀಗೇ ಕೊನೆತನಕ. ಮೊದಲ ಹೆಜ್ಜೆಯಲ್ಲೇ ಬಿತ್ತು. ಫೋಕಸ್ ಬರಲೇ ಇಲ್ಲ.

ಇದಕ್ಕೆ ಒಂದು ತಾಸು ಹೋಯಿತು. ಆಂಡ್ರಾಯ್ಡ್‌ನಲ್ಲಿ ಟಚ್ ಮೋಡ್ ಅಂತ ಒಂದಿದೆ. ಬೆರಳಿನಿಂದ ಮುಟ್ಟಿ ಬಳಸುತ್ತಿರುವಾಗ ಬಟನ್, ಪಟ್ಟಿಯ ಸಾಲುಗಳು ಫೋಕಸ್ ತೆಗೆದುಕೊಳ್ಳುವುದಿಲ್ಲ, ಬರೆಯುವ ಜಾಗಗಳು ಮಾತ್ರ ತೆಗೆದುಕೊಳ್ಳುತ್ತವೆ. ಕಾಕಾ ಆ್ಯರೋ ಒತ್ತಿದ ಕೂಡಲೇ ಟ್ಯಾಬ್ ಆ ಮೋಡ್‌ನಿಂದ ಹೊರಬರುತ್ತದೆ. ನನ್ನ ಟೆಸ್ಟ್ ಇನ್ನೂ ಅದರೊಳಗೇ ಇತ್ತು. ಟೆಸ್ಟ್‌ನ ಶುರುವಿನಲ್ಲೇ ಟಚ್ ಮೋಡ್ ಆಫ್ ಮಾಡಿದೆ. ಫೋಕಸ್ ಬಂತು.

ಆದರೆ ಈಗ 186 ಸಾಲೂ ಪಾಸ್! ತಪ್ಪು ಕಣ್ಣೆದುರೇ ಇದೆ, ಟೆಸ್ಟ್ ಎಲ್ಲಾ ಸರಿ ಅನ್ನುತ್ತಿದೆ. ಸಾಲು ಕಾಣುತ್ತಿದೆಯಾ ಎಂದು ಕೇಳಿದರೆ, ಅದು ಪರದೆಯ ಒಳಗೆ ಸ್ವಲ್ಪವಾದರೂ ಇದೆಯಾ ಅಂತಷ್ಟೇ ನೋಡುತ್ತದೆ. ಮೇಲೆ ಬೇರೆ ಏನಾದರೂ ಮುಚ್ಚಿಕೊಂಡಿದೆಯಾ ಎಂದು ನೋಡುವುದಿಲ್ಲ. ಕೊನೆಗೆ ಅಳತೆಯನ್ನೇ ಕೇಳಿದೆ: ಫೋಕಸ್ ಇರುವ ಸಾಲಿನ ಕೆಳಗಿನ ಅಂಚು ಬಾರ್‌ನ ಮೇಲಿನ ಅಂಚಿಗಿಂತ ಮೇಲೇ ಇರಬೇಕು. ಒಂಬತ್ತನೇ ಸಾಲಿಗೆ ಕೆಂಪು ಬಂತು, ಅಂದರೆ ಟೆಸ್ಟ್ ಫೇಲ್. ಕಾಕಾ ಬೆಳಿಗ್ಗೆ ತೋರಿಸಿದ್ದೂ ಅದೇ ಸಾಲು.

ಅಂಗವಿಕಲರೂ ಬಳಸುವಂತಿರಬೇಕೆಂದು ವೆಬ್‌ಗೆ ಬರೆದ ಮಾರ್ಗಸೂಚಿ ಡಬ್ಲ್ಯುಸಿಎಜಿ 2.2ರಲ್ಲಿ, 2023ರ ಅಕ್ಟೋಬರ್‌ನಲ್ಲಿ, ಇದಕ್ಕೇ ಒಂದು ನಿಯಮ ಸೇರಿತು: ಕೀಬೋರ್ಡ್ ಫೋಕಸ್ ಸಿಕ್ಕಿದ್ದು ಬೇರೊಂದರ ಹಿಂದೆ ಪೂರ್ತಿ ಅಡಗಬಾರದು. ಅದನ್ನು ನಾನು ಓದಿದ್ದೆ ಕೂಡ. ಮನೆಯಲ್ಲೇ ಒಬ್ಬರಿಗೆ ಅದು ಬೇಕಾಗಿದೆ ಎಂದು ಹೊಳೆದಿರಲಿಲ್ಲ.

ಪಟ್ಟಿಯ ಕೊನೆಗೆ ಖಾಲಿ ಜಾಗ ಬಿಟ್ಟು ನೋಡಿದೆ. ಕೊನೆಯ ಸಾಲಷ್ಟೇ ಸರಿಹೋಯಿತು, ನಡುವಿನವು ಹಾಗೇ ಅಡಗಿದವು. ಪಟ್ಟಿಯೇ ಬಾರ್‌ನ ಹಿಂದೆ ಹೋಗದೆ ಅದಕ್ಕಿಂತ ಮೇಲೆಯೇ ಮುಗಿಯುವಂತೆ ಮಾಡಿದಾಗ ಟೆಸ್ಟ್ ಕೊನೆತನಕ ಓಡಿತು.

ಸಂಜೆ ಕಾಕಾ ಕೂತು ಒತ್ತಿದರು. ಹೆಸರು, ಚೀಲ, ತೂಕ, ದರ, ಒಂದೊಂದಾಗಿ ಓದುತ್ತಾ 186ಕ್ಕೆ ಬಂದು ನಿಂತರು. ಮುಖ ಅರಳಿತ್ತು.

"ಬಂತು ನೋಡ್. ಮತ್ತ ಮ್ಯಾಲ ಹೋಗ್ಲಾಕ?"

ಪರದೆಯ ಮೇಲುಗಡೆ ಅಂಟಿಕೊಂಡೇ ಇರುವ ತಾರೀಖಿನ ಬಾರ್ ನೆನಪಾಯಿತು. ಅಪ್ ಆ್ಯರೋಗೆ ನಾನು ಟೆಸ್ಟ್ ಬರೆದಿರಲಿಲ್ಲ.

"ಸ್ವಲ್ಪ ತಡೀರಿ ಕಾಕಾ" ಎಂದು ಮತ್ತೆ ಲ್ಯಾಪ್‌ಟಾಪ್ ತೆರೆದೆ.