ಲ್ಯಾಂಡ್ ಕ್ರೂಸರ್‌ಗೆ ಎರಡನೇ ಟ್ಯಾಂಕ್: ಅಡುಗೆ ಎಣ್ಣೆಯ ಕೆಲಸ ಎಲ್ಲಿಗೆ ಬಂತು

ಎಣ್ಣೆ ಟ್ಯಾಂಕ್ ಚಾಸಿಗೆ ಕೂತಾಯ್ತು. ಪೈಪ್ ಎಳೆದಾಯ್ತು, ವೈರಿಂಗ್ ಮುಗೀತು. ಡೀಸೆಲ್ ಗಾಡಿ ಈಗ ಬಿಸಿಯಾದ ಮೇಲೆ ಡೀಸೆಲ್ ಬದಲು ಅಡುಗೆ ಎಣ್ಣೆಯಲ್ಲೇ ಓಡುತ್ತಿದೆ. ಬಾಕಿ ಕೆಲಸ ಇನ್ನೂ ಇದೆ, ಆದರೆ ಇಲ್ಲಿಯವರೆಗಿನದ್ದನ್ನು ಬರೆದಿಡೋಣ ಅಂತ ಕೂತೆ.

ಗಾಡಿ ಲ್ಯಾಂಡ್ ಕ್ರೂಸರ್ 70 ಸರಣಿಯದು. ಒಳಗಿರುವುದು 1ಎಚ್‌ಝಡ್ ಇಂಜಿನ್: 4.2 ಲೀಟರ್, ಆರು ಸಿಲಿಂಡರ್, ಟರ್ಬೊ ಇಲ್ಲ, ಕಂಪ್ಯೂಟರ್ ಹೇಳಿದಂತೆ ಕುಣಿಯುವ ಇಂಜೆಕ್ಟರ್ ಇಲ್ಲ. ಇಂಡೈರೆಕ್ಟ್ ಇಂಜೆಕ್ಷನ್. ಅಂದರೆ ಇಂಧನ ನೇರವಾಗಿ ಪಿಸ್ಟನ್ ಮೇಲೆ ಬೀಳುವುದಿಲ್ಲ. ಹೆಡ್‌ನಲ್ಲಿರುವ ಪುಟ್ಟ ಕೋಣೆಯೊಂದಕ್ಕೆ ಹೋಗಿ, ಅಲ್ಲಿ ಗಿರಗಿರ ತಿರುಗುವ ಬಿಸಿ ಗಾಳಿಯಲ್ಲಿ ಉರಿಯಲು ಶುರುವಾಗಿ, ಆಮೇಲೆ ಸಿಲಿಂಡರ್‌ಗೆ ಇಳಿಯುತ್ತದೆ. ಮಂದ ಎಣ್ಣೆಯನ್ನು ಇಂಥ ಇಂಜಿನ್ ಒಂದಿಷ್ಟು ಸಹಿಸಿಕೊಳ್ಳುತ್ತದೆ. ಕಾಮನ್ ರೇಲ್ ಗಾಡಿ (ಭಾರಿ ಒತ್ತಡದಲ್ಲಿ, ಕಂಪ್ಯೂಟರ್ ಹೇಳಿದಂತೆ ಇಂಧನ ಚಿಮ್ಮಿಸುವ ಹೊಸ ಥರದ ಡೀಸೆಲ್) ಇದ್ದವರು ದಯವಿಟ್ಟು ಈ ಆಸೆ ಬಿಟ್ಟುಬಿಡಿ. ಅದರ ಪಂಪು, ಇಂಜೆಕ್ಟರ್‌ಗಳ ಸಂದು ಅಷ್ಟು ಸಣ್ಣದು. ಎಣ್ಣೆಯಲ್ಲಿ ಉಳಿಸಿದ ದುಡ್ಡು ರಿಪೇರಿಯಲ್ಲಿ ಹೋಗುತ್ತದೆ.

ಎರಡು ಟ್ಯಾಂಕ್ ಯಾಕೆ, ಇರೋ ಟ್ಯಾಂಕಿಗೇ ಸುರಿದರೆ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. 40 ಡಿಗ್ರಿಯಲ್ಲಿ ಡೀಸೆಲ್‌ನ ಮಂದತನ 2ರಿಂದ 4.5 ಸೆಂಟಿಸ್ಟೋಕ್ (ಮಂದತನ ಅಳೆಯುವ ಮಾನ, ಸಂಖ್ಯೆ ಹೆಚ್ಚಿದಷ್ಟೂ ದಪ್ಪ). ಅದೇ 40 ಡಿಗ್ರಿಯಲ್ಲಿ ರೇಪ್‌ಸೀಡ್ (ಸಾಸಿವೆ ಜಾತಿಯ ಕಾಳು) ಎಣ್ಣೆಯದು ಸುಮಾರು 35. ಇಷ್ಟು ದಪ್ಪ ಎಣ್ಣೆಯನ್ನು ನಾಜಲ್ ಮಂಜಿನ ಹಾಗೆ ಚಿಮುಕಿಸಲಾರದು, ದಪ್ಪ ಹನಿಗಳೇ ಬೀಳುತ್ತವೆ. ತಣ್ಣನೆ ಇಂಜಿನ್‌ನಲ್ಲಿ ಅವು ಪೂರ್ತಿ ಉರಿಯದೆ ನಾಜಲ್ ತುದಿಯಲ್ಲಿ ಕರಿಗಟ್ಟುತ್ತವೆ, ರಿಂಗ್‌ಗಳು ಅಂಟುತ್ತವೆ. ಉಳಿದದ್ದು ಸಿಲಿಂಡರ್ ಗೋಡೆಯಿಂದ ಜಾರಿ ಇಂಜಿನ್ ಆಯಿಲ್‌ಗೆ ಸೇರುತ್ತದೆ. ಅಲ್ಲಿ ಅದು ಸುಮ್ನೆ ಇರುವುದಿಲ್ಲ. ಬಿಸಿಗೆ ಗಟ್ಟಿಯಾಗುತ್ತಾ ಆಯಿಲನ್ನು ಲೋಳೆ ಮಾಡುತ್ತದೆ. ಹಾಗಾಗಿ ಡೀಸೆಲ್‌ನಲ್ಲಿ ಸ್ಟಾರ್ಟ್ ಮಾಡಬೇಕು, ಇಂಜಿನ್ ಬಿಸಿಯಾದ ಮೇಲೆ ಎಣ್ಣೆಗೆ ಬದಲಿಸಬೇಕು, ನಿಲ್ಲಿಸುವ ಮುಂಚೆ ಮತ್ತೆ ಡೀಸೆಲ್‌ಗೆ ಬಂದು ಪಂಪನ್ನು ತೊಳೆಯಬೇಕು. ಎರಡನೇ ಟ್ಯಾಂಕ್ ಬೇಕಾಗಿರುವುದೇ ಇದಕ್ಕೆ.

1900ರ ಪ್ಯಾರಿಸ್ ಪ್ರದರ್ಶನದಲ್ಲಿ ಓಟೊ ಕಂಪನಿಯ ಪುಟ್ಟ ಡೀಸೆಲ್ ಇಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು ಅಂತ ರುಡಾಲ್ಫ್ ಡೀಸೆಲ್ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಏನೂ ಬದಲಾವಣೆ ಇಲ್ಲದೆ ಓಡಿತು, ನೋಡಿದವರಿಗೆ ಗೊತ್ತೂ ಆಗಲಿಲ್ಲವಂತೆ. ಈ ಕತೆಯನ್ನು ಎಣ್ಣೆ ಪ್ರಿಯರು ಜಾಸ್ತಿಯೇ ಹೇಳುತ್ತಾರೆ. ಪ್ರದರ್ಶನದಲ್ಲಿ ಓಡುವುದೇ ಬೇರೆ, ವರ್ಷಗಟ್ಟಲೆ ದಿನಾ ಸ್ಟಾರ್ಟ್ ಆಗುವುದೇ ಬೇರೆ.

ಟ್ಯಾಂಕ್

50 ಲೀಟರ್, 2 ಎಂಎಂ ಸ್ಟೇನ್‌ಲೆಸ್ ಸ್ಟೀಲ್. ಹಿಂದಿನ ಆಕ್ಸಲ್‌ನ ಆಚೆ, ಎರಡು ಚಾಸಿ ರೈಲ್‌ಗಳ ನಡುವೆ ಕೂತಿದೆ. ತಳ ಬಂಪರ್‌ಗಿಂತ ಕೆಳಗೆ ಇಳಿಯದ ಹಾಗೆ ಅಳತೆ ಮಾಡಿಸಿದೆ. ಇಲ್ಲದಿದ್ದರೆ ದಿಬ್ಬ ಇಳಿಯುವಾಗ ಮೊದಲು ನೆಲ ಮುಟ್ಟುವುದು ಅದೇ. ಒಳಗೆ ಎರಡು ಅಡ್ಡ ತಗಡು ಇವೆ, ಎಣ್ಣೆ ಅತ್ತಿತ್ತ ಹೊಯ್ದಾಡಬಾರದಲ್ಲ. ಎಣ್ಣೆ ಎಳೆಯುವ ಪೈಪು ತಳದಿಂದ 25 ಎಂಎಂ ಮೇಲೆ ನಿಂತಿದೆ. ಮಡ್ಡಿ, ನೀರು ಏನಿದ್ದರೂ ಕೆಳಗೆ ಉಳಿಯಲಿ ಅಂತ. ತಳದ ತಗ್ಗಿನಲ್ಲಿ ಡ್ರೈನ್ ಪ್ಲಗ್ ಇದೆ. ಗಾಳಿ ಆಡುವ ಪೈಪನ್ನು ಮೇಲಕ್ಕೆ ಒಯ್ದು, ಗಾಡಿ ಮಗುಚಿದರೆ ತಾನೇ ಮುಚ್ಚಿಕೊಳ್ಳುವ ವಾಲ್ವ್ ಹಾಕಿದ್ದೇನೆ.

ಟ್ಯಾಂಕನ್ನು ಹಿಡಿದಿರುವುದು ಮೂರು ಕಡೆ ಮಾತ್ರ, ಮೂರಕ್ಕೂ ರಬ್ಬರ್ ಬುಷ್. ಕಲ್ಲು ಗುಂಡಿಯ ದಾರಿಯಲ್ಲಿ ಚಾಸಿ ತಿರುಚಿಕೊಳ್ಳುತ್ತದೆ. ನಾಲ್ಕು ಮೂಲೆಗೂ ಬೋಲ್ಟ್ ಬಿಗಿದರೆ ಟ್ಯಾಂಕೂ ಜೊತೆಗೆ ತಿರುಚಿ, ಇವತ್ತಲ್ಲ ನಾಳೆ ವೆಲ್ಡಿಂಗ್ ಬಿಡುತ್ತದೆ. ತುಂಬಿದಾಗ ಎಣ್ಣೆಯೊಂದೇ ಸುಮಾರು 46 ಕಿಲೋ, ಟ್ಯಾಂಕಿನ ತೂಕ ಬೇರೆ. ಬ್ರಾಕೆಟ್‌ಗೆ ಕಂಜೂಸುತನ ಮಾಡಬಾರದು. ಲೀಕ್ ನೋಡಲು ಗಾಳಿ ತುಂಬಿ ಸೋಪು ನೀರು ಹಚ್ಚಿದೆವು, ಆದರೆ 0.2 ಬಾರ್‌ಗಿಂತ ಮೇಲೆ ಹೋಗಲಿಲ್ಲ. ಚಪ್ಪಟೆ ಗೋಡೆಯ ಟ್ಯಾಂಕಿಗೆ ಟೈರಿನ ಗಾಳಿ ಬಿಟ್ಟರೆ ಅದು ಬಾಂಬು.

ತಾಮ್ರ ಎಲ್ಲೂ ಬೇಡ. ಬಾಗಿಸಲು ಸುಲಭ, ಬಿಸಿಯನ್ನೂ ಚೆನ್ನಾಗಿ ಸಾಗಿಸುತ್ತದೆ, ಆಸೆಯಾಗುವುದು ಸಹಜ. ಆದರೆ ಬಿಸಿ ಎಣ್ಣೆ ತಾಮ್ರಕ್ಕೆ ತಾಗುತ್ತಿದ್ದರೆ ಬೇಗ ಕೆಡುತ್ತದೆ, ಗೋಂದಿನಂತೆ ಅಂಟಾಗುತ್ತದೆ. ಸತುವಿನ ಲೇಪ ಇರುವ ಪೈಪೂ ಬೇಡ.

ಬಿಸಿ

ಇಂಜಿನ್ ತಣಿಸುತ್ತಾ ತಾನೇ ಬಿಸಿಯಾಗುವ ಕೂಲೆಂಟೇ ಒಲೆ. ಕ್ಯಾಬಿನ್ ಹೀಟರ್‌ಗೆ ಹೋಗುವ ಹೋಸಿನಿಂದ ಒಂದು ಕವಲು ತೆಗೆದು ಹಿಂದಕ್ಕೆ ಒಯ್ದೆ. ಟ್ಯಾಂಕಿನೊಳಗೆ, ಎಣ್ಣೆ ಎಳೆಯುವ ಪೈಪಿನ ಸುತ್ತ ಒಂದು ಸ್ಟೇನ್‌ಲೆಸ್ ಸುರುಳಿ ಇದೆ. ಇಡೀ ಟ್ಯಾಂಕ್ ಕಾಯಬೇಕಿಲ್ಲ, ಎಳೆಯುವ ಜಾಗದಲ್ಲಿ ಎಣ್ಣೆ ಸಡಿಲವಾದರೆ ಸಾಕು. ಐವತ್ತು ಲೀಟರನ್ನೂ ದಿನಾ ಕಾಯಿಸಿ ಆರಿಸುತ್ತಿದ್ದರೆ ಎಣ್ಣೆ ಕಮಟಾಗುತ್ತದೆ. ಅಲ್ಲಿಂದ ಮುಂದೆ 12 ಎಂಎಂ ಒಳ ಅಳತೆಯ ಎಣ್ಣೆ ಹೋಸು, ಕೂಲೆಂಟ್ ಹೋಸುಗಳ ಜೊತೆ ಒಂದೇ ಕಟ್ಟಿನಲ್ಲಿ, ಮೇಲೆ ಬಿಸಿ ತಡೆಯುವ ಫೋಮ್ ಸುತ್ತಿ ಬರುತ್ತದೆ. ಆಮೇಲೆ ಬಿಸಿ ಮಾಡುವ ಫಿಲ್ಟರ್, ಕೊನೆಗೆ ಪಂಪಿನ ಹತ್ತಿರ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ (ಕೂಲೆಂಟಿನ ಬಿಸಿಯನ್ನು ಎಣ್ಣೆಗೆ ದಾಟಿಸುವ ತಟ್ಟೆಗಳ ಕಟ್ಟು). ಈ ಎಕ್ಸ್‌ಚೇಂಜರ್ ಹೊರಗಿನಿಂದ ಸ್ಟೇನ್‌ಲೆಸ್ ಕಂಡರೂ ಸಾಮಾನ್ಯವಾಗಿ ಒಳಗೆ ತಟ್ಟೆಗಳನ್ನು ಬೆಸೆದಿರುವುದು ತಾಮ್ರದಲ್ಲೇ. ನಿಕ್ಕಲ್ ಬೆಸುಗೆಯದು ಸಿಗುತ್ತದೆ, ಬೆಲೆ ಜಾಸ್ತಿ. ನಾನು ಅದನ್ನೇ ಹಾಕಿದೆ.

ಪಂಪಿಗೆ ಹೋಗುವಾಗ ಎಣ್ಣೆ 70 ಡಿಗ್ರಿ ದಾಟಿರಬೇಕು ಅನ್ನುವುದು ನನ್ನ ಗುರಿ. 80ಕ್ಕೆ ಬಂದರೆ ಇನ್ನೂ ಒಳ್ಳೆಯದು, ಆಗ ರೇಪ್‌ಸೀಡ್ ಎಣ್ಣೆ 12 ಸೆಂಟಿಸ್ಟೋಕ್ ಆಸುಪಾಸಿಗೆ ಇಳಿಯುತ್ತದೆ. ಗಮನಿಸಿ, ಅದು ಆಗಲೂ ಡೀಸೆಲ್‌ಗಿಂತ ದಪ್ಪವೇ. ಬಿಸಿ ಮಾಡಿದರೆ ಎಣ್ಣೆ ಡೀಸೆಲ್ ಆಗಿಬಿಡುತ್ತದೆ ಅನ್ನುವವರ ಮಾತು ನಂಬಬೇಡಿ.

ರಿಟರ್ನ್ ಲೈನ್

ಎಲ್ಲರೂ ಟ್ಯಾಂಕಿನ ಫೋಟೊ ಹಾಕುತ್ತಾರೆ. ನನ್ನನ್ನು ಕೇಳಿದರೆ ಈ ಕೆಲಸ ಗೆಲ್ಲುವುದು, ಸೋಲುವುದು ರಿಟರ್ನ್ ಲೈನಿನಲ್ಲಿ. ಇಂಜೆಕ್ಷನ್ ಪಂಪು ಎಳೆದ ಇಂಧನವೆಲ್ಲ ಉರಿಯುವುದಿಲ್ಲ. ದೊಡ್ಡ ಪಾಲು ಪಂಪನ್ನು ತಣಿಸಿ, ಜಾರಿಕೆ ಕೊಟ್ಟು ಟ್ಯಾಂಕಿಗೆ ವಾಪಸ್ ಬರುತ್ತದೆ. ಈಗ ಟ್ಯಾಂಕ್ ಎರಡು. ವಾಪಸ್ ಬಂದದ್ದು ಯಾವುದಕ್ಕೆ ಹೋಗಬೇಕು?

ಕೆಲವರು ರಿಟರ್ನನ್ನು ಟ್ಯಾಂಕಿಗೆ ಬಿಡದೆ ಪಂಪಿನ ಒಳದಾರಿಗೇ ಸುತ್ತಿ ಹಾಕುತ್ತಾರೆ. ವಾಲ್ವ್ ಒಂದು ಉಳಿಯುತ್ತದೆ, ಬಿಸಿಯೂ ಅಲ್ಲೇ ಉಳಿಯುತ್ತದೆ. ಆದರೆ ಲೈನಿನಲ್ಲಿ ಒಂದು ಗುಳ್ಳೆ ಸೇರಿತು ಅಂದರೆ ಅದಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಮತ್ತೆ ಮತ್ತೆ ಪಂಪಿಗೇ ಬರುತ್ತದೆ. ತೊಳೆಯುವುದೂ ನಿಧಾನ, ಯಾಕೆಂದರೆ ಹಳೇ ಎಣ್ಣೆ ಸುತ್ತುತ್ತಲೇ ಇರುತ್ತದೆ. ಹಾಗಾಗಿ ನಾನು ಎರಡು ವಾಲ್ವ್ ದಾರಿ ಹಿಡಿದೆ. ಒಂದು ಪಂಪಿಗೆ ಬರುವ ಕಡೆ, ಇನ್ನೊಂದು ವಾಪಸ್ ಹೋಗುವ ಕಡೆ.

ಎಣ್ಣೆಗೆ ಬದಲಿಸುವಾಗ ಎರಡೂ ಒಟ್ಟಿಗೆ ತಿರುಗಬಹುದು. ಪಂಪಿನಲ್ಲಿದ್ದ ಚೂರು ಡೀಸೆಲ್ ಎಣ್ಣೆ ಟ್ಯಾಂಕಿಗೆ ಹೋದರೆ ನಷ್ಟವೇನಿಲ್ಲ. ನಿಲ್ಲಿಸುವಾಗ ಹಾಗಲ್ಲ. ಮೊದಲು ಒಳದಾರಿ ಡೀಸೆಲ್‌ಗೆ ಬರಬೇಕು. ರಿಟರ್ನ್ ಇನ್ನೂ ಎಣ್ಣೆ ಟ್ಯಾಂಕಿನ ಕಡೆಯೇ ಇರಬೇಕು. ಪಂಪಿನೊಳಗಿನ ಎಣ್ಣೆಯನ್ನು ಡೀಸೆಲ್ ತಳ್ಳಿಕೊಂಡು ಹೋದ ಮೇಲೆ ರಿಟರ್ನ್ ತಿರುಗಬೇಕು. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಪ್ರತಿ ಸಲವೂ ಒಂದಿಷ್ಟು ಎಣ್ಣೆ ಡೀಸೆಲ್ ಟ್ಯಾಂಕಿಗೆ ಸೇರುತ್ತದೆ. ಮೊದಮೊದಲು ಗೊತ್ತಾಗುವುದಿಲ್ಲ. ಚಳಿಗಾಲದ ಒಂದು ಬೆಳಿಗ್ಗೆ ಗೊತ್ತಾಗುತ್ತದೆ.

ಎಷ್ಟು ಹೊತ್ತು ತೊಳೆಯಬೇಕು ಅಂತ ಲೆಕ್ಕ ಹಾಕುವ ಬದಲು ಕಣ್ಣಿಂದಲೇ ನೋಡಿದೆ. ರಿಟರ್ನ್‌ನಲ್ಲಿ ಒಂದು ಗೇಣು ಪಾರದರ್ಶಕ ಹೋಸ್ ಹಾಕಿದ್ದೇನೆ. ಎಣ್ಣೆಯಲ್ಲಿ ಓಡುವಾಗ ಅದು ಕಡು ಕಂದು. ಡೀಸೆಲ್‌ಗೆ ತಿರುಗಿಸಿದ ಕೂಡಲೇ ಏನೂ ಆಗುವುದಿಲ್ಲ. ಆಮೇಲೆ ಮಧ್ಯದಲ್ಲಿ ತಿಳಿ ಗೆರೆಯೊಂದು ನುಗ್ಗುತ್ತದೆ, ಕಂದು ಬಣ್ಣ ಹೋಸಿನ ಗೋಡೆಗೆ ಅಂಟಿಕೊಂಡು ತೆಳ್ಳಗಾಗುತ್ತಾ ಹೋಗುತ್ತದೆ. ಕೊನೆಗೆ ಪೂರ್ತಿ ತಿಳಿ ಹಳದಿ. ಐಡ್ಲಿಂಗ್‌ನಲ್ಲಿ ಇದಕ್ಕೆ ಒಂದು ನಿಮಿಷ ಸಾಕು. ಟೈಮರ್ ರಿಲೇಯನ್ನು ಅದಕ್ಕಿಂತ ಸ್ವಲ್ಪ ಜಾಸ್ತಿಗೆ ಇಟ್ಟಿದ್ದೇನೆ. ಟೈಮರ್ ಬೇಕೇ ಬೇಕು. ಒಳದಾರಿ ಡೀಸೆಲ್, ರಿಟರ್ನ್ ಎಣ್ಣೆ ಕಡೆ ಇಟ್ಟು ಮರೆತರೆ, ಡೀಸೆಲ್ ಟ್ಯಾಂಕ್ ಖಾಲಿಯಾಗುತ್ತಾ ಎಣ್ಣೆ ಟ್ಯಾಂಕ್ ತುಂಬಿ ರಸ್ತೆಗೆ ಚೆಲ್ಲುತ್ತದೆ.

ವಾಲ್ವ್ ಕೊಳ್ಳುವವರಿಗೆ ಒಂದು ಮಾತು. ಅಗ್ಗದ ಸೊಲೆನಾಯ್ಡ್ (ಕರೆಂಟಿನಿಂದ ಕೆಲಸ ಮಾಡುವ) ವಾಲ್ವ್‌ಗಳಲ್ಲಿ ಬಹಳಷ್ಟು ಒತ್ತಡದ ಸಹಾಯದಿಂದ ತೆರೆಯುವಂಥವು. ಪಂಪ್ ಎಳೆಯುವ ಕಡೆ ಒತ್ತಡವೇ ಇರುವುದಿಲ್ಲ, ಹೀರುವಿಕೆ ಮಾತ್ರ. ಅಲ್ಲಿ ಅವು ಅರ್ಧಂಬರ್ಧ ತೆರೆದುಕೊಂಡು ಸತಾಯಿಸುತ್ತವೆ. ಡೈರೆಕ್ಟ್ ಆಕ್ಟಿಂಗ್ ಅಂತ ಬರೆದಿರುವುದೇ ಆಗಬೇಕು, ಒಳಗಿನ ಸೀಲ್ ವೈಟಾನ್ (ಬಿಸಿ, ಎಣ್ಣೆ ತಡೆಯುವ ರಬ್ಬರ್) ಆಗಿರಬೇಕು. ಕರೆಂಟ್ ಹೋದರೆ ಎರಡೂ ಡೀಸೆಲ್ ಕಡೆಗೇ ಬರುವ ಹಾಗೆ ಜೋಡಿಸಿ. ಫ್ಯೂಸ್ ಸುಟ್ಟರೂ ಗಾಡಿ ಮನೆಗೆ ಬರುತ್ತದೆ.

ಏರ್

ಮೊದಲ ಓಟದಲ್ಲಿ ಐಡ್ಲಿಂಗ್ ಏರಿಳಿಯಿತು, ಪಿಕಪ್ ಇಲ್ಲ. ಲಕ್ಷಣ ನೋಡಿದರೆ ಏರ್ ಹಿಡಿದಿದೆ, ಆದರೆ ಎಲ್ಲೂ ಒಂದು ಹನಿ ಸೋರುತ್ತಿಲ್ಲ. ಸೋರುವುದೂ ಇಲ್ಲ, ಯಾಕೆಂದರೆ ಈ ಕಡೆ ಹೀರುವಿಕೆ ಇರುವುದರಿಂದ ಎಣ್ಣೆ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಪಂಪಿನ ಮುಂದಿನ ಪಾರದರ್ಶಕ ತುಂಡಿನಲ್ಲಿ ರವೆಯಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಹೋಗುತ್ತಿದ್ದವು. ತಣ್ಣಗಿದ್ದಾಗ ಇರಲಿಲ್ಲ, ಬಿಸಿಯಾದ ಮೇಲೇ ಶುರು. ಆ ಸುಳಿವೇ ಸಾಕಾಯಿತು. ಬಿಸಿಗೆ ಮೆತ್ತಗಾಗುವುದು ಹೋಸು, ಕಬ್ಬಿಣವಲ್ಲ. ಸಾಮಾನ್ಯ ಸ್ಕ್ರೂ ಕ್ಲಾಂಪ್‌ಗಳ ಬದಲು ಸುತ್ತಲೂ ಸಮನಾಗಿ ಒತ್ತುವ ಸ್ಪ್ರಿಂಗ್ ಕ್ಲಾಂಪ್ ಹಾಕಿದ ಮೇಲೆ ಗುಳ್ಳೆ ನಿಂತಿತು. ಥ್ರೆಡ್‌ಗಳಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಅದರ ಎಳೆ ಕಿತ್ತು ಪಂಪಿಗೆ ಹೋಗುತ್ತದೆ. ಇಂಧನಕ್ಕೆ ತಡೆಯುವ ಸೀಲೆಂಟ್ ಪೇಸ್ಟ್ ಸಿಗುತ್ತದೆ.

ಫಿಲ್ಟರ್ ಮತ್ತು ಪಂಪಿನ ನಡುವೆ ಒಂದು ವ್ಯಾಕ್ಯೂಮ್ ಗೇಜ್ ಕೂಡ ಇದೆ. ಮುಳ್ಳು ದಿನದಿಂದ ದಿನಕ್ಕೆ ಏರಿದರೆ ಫಿಲ್ಟರ್ ಕಟ್ಟುತ್ತಿದೆ ಅಂತ ಅರ್ಥ. ಇಡೀ ಗಾಡಿಯಲ್ಲಿ ನಾನು ಅತಿ ಹೆಚ್ಚು ನೋಡುವ ಗೇಜ್ ಇದೇ ಆಗಿದೆ.

ಎಣ್ಣೆ

ಕರಿದ ಎಣ್ಣೆ ಪುಕ್ಕಟೆ ಸಿಕ್ಕರೂ ಪುಕ್ಕಟೆ ಅಲ್ಲ. ಡ್ರಮ್ಮಿನಲ್ಲಿ ವಾರಗಟ್ಟಲೆ ಅಲುಗಾಡಿಸದೆ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಳ್ಳುತ್ತೇನೆ. ಆಮೇಲೆ 5 ಮೈಕ್ರಾನ್, 1 ಮೈಕ್ರಾನ್ ಚೀಲಗಳಲ್ಲಿ ಸೋಸುವುದು. ಬಿಸಿ ಎಣ್ಣೆಯನ್ನು ಸೋಸಿದರೆ ಬೇಗ ಆಗುತ್ತದೆ, ಆದರೆ ಕರಗಿದ ಕೊಬ್ಬೂ ಜೊತೆಗೆ ಇಳಿದು ಆಮೇಲೆ ಟ್ಯಾಂಕಿನಲ್ಲಿ ಹೆಪ್ಪುಗಟ್ಟುತ್ತದೆ. ನಾನು ತಣ್ಣಗೇ ಸೋಸುತ್ತೇನೆ.

ನಿಜವಾದ ಶತ್ರು ನೀರು. ಪಂಪಿಗೆ ತುಕ್ಕು ಹಿಡಿಸುವುದು ಅದೇ. ಇಂಧನವಾಗಿ ಮಾರುವ ರೇಪ್‌ಸೀಡ್ ಎಣ್ಣೆಗೆ ಜರ್ಮನಿಯ ಡಿಐಎನ್ 51605 ಮಾನದಂಡ ಇದೆ, ಅದರಲ್ಲಿ ನೀರಿನ ಮಿತಿ 0.075 ಶೇಕಡಾ ಮಾತ್ರ. ಮನೆಯಲ್ಲಿ ಅಷ್ಟು ಅಳೆಯಲು ಆಗುವುದಿಲ್ಲ. ಚೆನ್ನಾಗಿ ಕಾದ ಬಾಣಲೆಗೆ ಒಂದು ಚಮಚ ಹಾಕಿದರೆ ಮಾತ್ರ ಕತೆ ಗೊತ್ತಾಗುತ್ತದೆ. ಚಟಪಟ ಅಂದರೆ ಅಥವಾ ಸಣ್ಣ ಗುಳ್ಳೆಗಳ ಗುಂಪು ಎದ್ದರೆ ಡ್ರಮ್ಮಿಗೇ ವಾಪಸ್.

ಎಣ್ಣೆಯ ಜಾತಿಯೂ ಮುಖ್ಯ. ಗಾಳಿ, ಬಿಸಿಗೆ ಅಂಟಾಗಿ ಗಟ್ಟಿಯಾಗುವ ಗುಣವನ್ನು ಅಯೋಡಿನ್ ಸಂಖ್ಯೆಯಿಂದ ತಿಳಿಯಬಹುದು. ಸಂಖ್ಯೆ ಹೆಚ್ಚಿದಷ್ಟೂ ಬೇಗ ಗಟ್ಟಿ. ಅಗಸೆ ಎಣ್ಣೆಯದು 170ಕ್ಕೂ ಮೇಲೆ. ಅದು ಬಣ್ಣಕ್ಕೆ ಬಳಸುವ ಎಣ್ಣೆ, ಇಂಜಿನ್‌ಗೆ ಹಾಕಲೇಬಾರದು. ರೇಪ್‌ಸೀಡ್ 110ರ ಆಸುಪಾಸು, ಪರವಾಗಿಲ್ಲ. ತೆಂಗಿನೆಣ್ಣೆ 10ರ ಹತ್ತಿರ, ಈ ಲೆಕ್ಕದಲ್ಲಿ ಅದೇ ರಾಜ. ಆದರೆ 24 ಡಿಗ್ರಿಗೇ ಗಡ್ಡೆಯಾಗುತ್ತದೆ.

ಈಗ

ಓಡುವಾಗ ವ್ಯತ್ಯಾಸ ಹೇಳಬೇಕೆಂದರೆ ಶಬ್ದ ಸ್ವಲ್ಪ ಮೃದು. ಏರು ಹತ್ತುವಾಗ ಒಂದು ಚೂರು ಬಲ ಕಮ್ಮಿ ಅನಿಸುತ್ತದೆ. ಹೊಗೆಗೆ ಕರಿದ ತಿಂಡಿಯ ವಾಸನೆ ಇದೆ, ಎಲ್ಲರೂ ಹೇಳುವಷ್ಟು ಘಮ ಏನಲ್ಲ. ಊರೊಳಗೆ ಸಣ್ಣಪುಟ್ಟ ಓಡಾಟಕ್ಕೆ ಎಣ್ಣೆಯ ಸ್ವಿಚ್ ಮುಟ್ಟುವುದೇ ಇಲ್ಲ. ಬಿಸಿಯಾಗುವಷ್ಟರಲ್ಲಿ ತೊಳೆಯುವ ಹೊತ್ತು ಬಂದಿರುತ್ತದೆ. ದೂರದ ದಾರಿ, ಭಾರದ ಓಟ ಇದ್ದವರಿಗೇ ಇದು ಹೊಂದುವುದು. ಐಡ್ಲಿಂಗ್‌ನಲ್ಲಿ ತುಂಬ ಹೊತ್ತು ನಿಲ್ಲಬೇಕಾದರೂ ಡೀಸೆಲ್‌ಗೆ ಬರುತ್ತೇನೆ, ಸಿಲಿಂಡರ್ ತಣ್ಣಗಾದರೆ ಅದೇ ಕರಿ, ಅದೇ ಅಂಟು. ಇಂಜಿನ್ ಆಯಿಲನ್ನು ಮೊದಲಿನ ಅರ್ಧ ಅವಧಿಗೇ ಬದಲಿಸುತ್ತಿದ್ದೇನೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಏರಿದ್ದು ಕಂಡರೆ ಅಂದೇ ನಿಲ್ಲಿಸಬೇಕು. ಎಣ್ಣೆಯನ್ನು ಇಂಧನವಾಗಿ ಬಳಸಲು ತೆರಿಗೆ, ನೋಂದಣಿ, ವಿಮೆ ನಿಯಮಗಳು ದೇಶಕ್ಕೊಂದು ಥರ. ಟ್ಯಾಂಕ್ ಮಾಡಿಸುವ ಮುಂಚೆಯೇ ಅದನ್ನು ನೋಡಿಕೊಳ್ಳಿ.

ಬಾಕಿ ಇರುವುದು ಎರಡು ಕೆಲಸ. ಎಣ್ಣೆಯಲ್ಲಿರುವಾಗ ಕೀ ತಿರುಗಿಸಿದರೆ ಕೂಗುವ ಬಜರ್ ಹಾಕಿದ್ದೇನೆ, ಅದು ಇಂಜಿನ್ ಸದ್ದಿನಲ್ಲಿ ಕೇಳುತ್ತಿಲ್ಲ. ಇನ್ನೂ ಜೋರಿನದು ಬೇಕು. ಆಮೇಲೆ ಮುಂದಿನ ಆಯಿಲ್ ಬದಲಿಸುವಾಗ ಒಂದು ಇಂಜೆಕ್ಟರ್ ಬಿಚ್ಚಿ ಟೆಸ್ಟರ್‌ಗೆ ಹಾಕಿ ಸ್ಪ್ರೇ ನೋಡಬೇಕು. ಸ್ಪ್ರೇ ಒಂದು ಕಡೆ ವಾಲಿದ್ದರೆ, ತುದಿಯಲ್ಲಿ ಹನಿ ನಿಂತಿದ್ದರೆ ಉಳಿದ ಐದನ್ನೂ ಬಿಚ್ಚಬೇಕಾಗುತ್ತದೆ.